ಮೂಗಿನ ನೇರಕ್ಕೆ

ಅಳತೆ ಪಟ್ಟಿಗೆ ಎರಡು ತುದಿ.
ಒಂದು ಓಯ್ವಾನ ಕೈಯಲ್ಲಿ, ಇನ್ನೊಂದು ನನ್ನಲ್ಲಿ.
ಈ ಕೆಲಸಕ್ಕೆ ಬೇರೆ ಅರ್ಹತೆ ಬೇಕಿಲ್ಲ,
ಕೈ ನಡುಗಬಾರದು, ಬಾಯಿ ಆಡಬಾರದು.

ಏಪ್ರಿಲ್. ಲಾಪುವಾ ಹೊಳೆಯಲ್ಲಿ ಹಿಮದ ಹಲಗೆಗಳು
ಒಂದರ ಬೆನ್ನಿಗೊಂದು ಹತ್ತಿ ಒಡೆಯುವ ಸದ್ದು
ಇಲ್ಲಿಗೂ ಕೇಳುತ್ತದೆ.
ಆಲೂಗಡ್ಡೆ ತುಂಬಿಡುತ್ತಿದ್ದ ಉಗ್ರಾಣ ಇದು,
ಮೊಳಕೆಯ ವಾಸನೆ ಇನ್ನೂ ಬಿಟ್ಟಿಲ್ಲ.
ಹನ್ನೊಂದು ಚಳಿಗಾಲ ತಿಂದು ಇಲ್ಲಿ ಬೆಳೆದಿದೆ
ಎರಡೇ ಸೀಟಿನ ಹಳದಿ ವಿಮಾನ.

ನಿನ್ನೆ ಬಯಲಲ್ಲಿ ಓಡಿಸಿ ನೋಡಿದ.
ಬಾಲ ನೆಲ ಬಿಟ್ಟದ್ದೇ ತಡ
ಎಡಕ್ಕೆ ಜಗ್ಗಿತು, ತಾಯಿಯ ದನಿ ಕೇಳಿದ ಕರುವಿನಂತೆ.
ಕಾಲುವೆಗೆ ಇನ್ನೊಂದು ಮಾರು ಉಳಿದಿತ್ತು.
"ಚಕ್ರ," ಅಂದ, ಹೆಲ್ಮೆಟ್ ತೆಗೆಯದೆ.
ಊಟದ ತನಕ ಅದೊಂದೇ ಮಾತು.

ಇವತ್ತು ಪ್ರತಿ ಚಕ್ರದಡಿ ಎರಡೆರಡು ತಗಡು,
ನಡುವೆ ಧಾರಾಳ ಕೀಲೆಣ್ಣೆ:
ಕಾಲು ತನಗೆ ಬೇಕಾದಷ್ಟು ಅಗಲಿಸಿಕೊಳ್ಳಲಿ,
ನೆಲ ಕಚ್ಚಿಕೊಂಡು ಸುಳ್ಳು ಹೇಳದಿರಲಿ.
ಭಾರ ಹೊತ್ತಾಗ ಕಾಲು ನಿಲ್ಲುವ ರೀತಿಯೇ ಬೇರೆ,
ಅದಕ್ಕೇ ಸೀಟುಗಳಿಗೆ ನನ್ನ ಬಾರ್ಲಿ ಮೂಟೆಗಳು.
ಮುಂದಿನದಕ್ಕೆ ಬೆಲ್ಟು ಬಿಗಿದು "ಇದು ನಾನು" ಅಂದ.
ಹಿಂದಿನದಕ್ಕೂ ಬಿಗಿದ.
ಅದು ಯಾರೆಂದು ಅವನು ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಮೂಗಿನಿಂದ ಒಂದು ತೂಕಗುಂಡು, ಬಾಲದಿಂದ ಒಂದು.
ಬಾಗಿಲ ಸಂದಿಯ ಗಾಳಿಗೂ ತಲೆಯಾಡಿಸುವ ಜಾತಿ.
ಅದು ನಿಲ್ಲುವ ತನಕ ನಾವಿಬ್ಬರೂ ಉಸಿರು ಕಟ್ಟಿ ಕೂತೆವು.
ಆಮೇಲೆ ಎರಡು ಚುಕ್ಕೆ, ನಡುವೆ ನೀಲಿ ಪುಡಿ ಮೆತ್ತಿದ ದಾರ,
ಎತ್ತಿ ಬಿಟ್ಟ, ಟಪ್ ಎಂದಿತು.
ಕಾಂಕ್ರೀಟಿನ ಮೇಲೆ ಮೂಗಿನ ನೇರಕ್ಕೊಂದು ಗೆರೆ.

ಅಚ್ಚಿಗೆ ಒಂದು ಮೀಟರಿನ ಮಟ್ಟಗೋಲು ಬಿಗಿದು
ಗೆರೆಯಿಂದ ಅಳೆದೆವು.
ಎಡಚಕ್ರ: ಮುಂದೆ ಒಂಬೈನೂರ ಮೂವತ್ತೆಂಟು, ಹಿಂದೆ ಮೂವತ್ತನಾಲ್ಕು.
ಬಲಚಕ್ರ: ಮುಂದೆ ಮೂವತ್ತನಾಲ್ಕು, ಹಿಂದೆ ಮೂವತ್ತೆಂಟು.
"ನೋಡಿದೆಯಾ ಐಲಿ, ಎರಡೂ ಎಡಕ್ಕೇ ನೋಡುತ್ತಿವೆ!"
ಕಳ್ಳ ಸಿಕ್ಕಿದ ಖುಷಿ ಅವನಿಗೆ,
ಆಗಲೇ ಬೆಣೆಗಳ ಡಬ್ಬಿ ತೆರೆದಿದ್ದ.

ನಾನು ನಲವತ್ತು ವರ್ಷ ಟ್ರ್ಯಾಕ್ಟರಿನಲ್ಲಿ ಸಾಲು ಉತ್ತವಳು.
ಪಕ್ಕಪಕ್ಕದ ಸಾಲೆರಡೂ ಒಂದೇ ಕಡೆಗೆ
ಒಂದೇ ಅಳತೆ ಸೊಟ್ಟಗಿದ್ದರೆ
ಸಾಲನ್ನು ಬೈಯುವ ಮುಂಚೆ ಬೇಲಿಯನ್ನು ನೋಡಬೇಕು.
ಅಷ್ಟನ್ನೇ ಹೇಳಿದೆ.

ಓಯ್ವಾ ಡಬ್ಬಿ ಮುಚ್ಚಿದ.
ರೆಕ್ಕೆಯ ಬುಡಗಳ ನಡುವಿನಿಂದ ಇನ್ನೊಂದು ಗೆರೆ ಹಾಕಿದ,
ಅದು ಹಿಂದೆ ಹೋಗಿ ಬಾಲದ ಚುಕ್ಕೆಯನ್ನು ಮುಟ್ಟಲಿಲ್ಲ.
ಒಂದು ಹೆಬ್ಬೆರಳಗಲ, ಎಡಕ್ಕೆ.

ಬಹಳ ಹೊತ್ತು ಮೊಣಕಾಲ ಮೇಲೆ ಕೂತೇ ಇದ್ದ.
"ಬಾಲ ಬೆಸೆದ ರಾತ್ರಿ ಈ ತುದಿ ಮಾರ್ತಾ ಹಿಡಿದಿದ್ದಳು,
ಅರ್ಧಕ್ಕೇ ಪಟ್ಟಿ ಬಿಟ್ಟು ಒಳಗೆ ಹೋದಳು."
ಮುಂದಿನ ವಾರ ವಾಸಾಕ್ಕೆ ಹೋದದ್ದು ನನಗೂ ಗೊತ್ತು.
"ಉಳಿದದ್ದು ಕಣ್ಣಳತೆ."

ಹೊಸ ಗೆರೆಗೆ ಚಕ್ರಗಳು ತಕರಾರಿಲ್ಲದೆ ಕೂತವು,
ಎಡಕ್ಕೆ ಅರ್ಧ ಮಿಲಿಮೀಟರು; ಅದಕ್ಕೆ ಬೆಣೆಯೂ ದಂಡ.
"ಹಾಗಾದರೆ ನಿನ್ನೆ ಎಳೆದದ್ದು?"
"ಪ್ರೊಪೆಲರ್. ಬಾಲ ಎದ್ದಾಗ ಎಳೆದೇ ಎಳೆಯುತ್ತದೆ.
ಬಲಗಾಲು ಒತ್ತಬೇಕಿತ್ತು."
ಮೂವತ್ತು ವರ್ಷ ಹಾಲಿನ ಟ್ಯಾಂಕರಿನ ಆಕ್ಸಿಲರೇಟರ್ ತುಳಿದ
ಆ ಕಾಲನ್ನೇ ನೋಡಿಕೊಂಡ, ಸಾಲ ತೀರಿಸದ ನೆಂಟನನ್ನು ನೋಡುವಂತೆ.

ಬಾಲ ಹಾಗೇ ಇರುತ್ತದೆಯಂತೆ.
ಹಾರುವಾಗ ಗಾಳಿಗೆ ಹೇಗೂ ಒಂದು ಕಡೆ ವಾಲಬೇಕು,
ಚುಕ್ಕಾಣಿಗೆ ಒಂದು ಪುಟ್ಟ ತಗಡು ಬಾಗಿಸಿದರಾಯಿತು.
ನಿಜವೋ, ಅಷ್ಟು ಹಳೆಯ ಬೆಸುಗೆ ಮುಟ್ಟಲು ಮನಸ್ಸಿಲ್ಲವೋ.

ನೀಲಿ ಗೆರೆಗಳೆರಡನ್ನೂ ಒದ್ದೆ ಬಟ್ಟೆಯಿಂದ ಒರೆಸುವಾಗ ಹೇಳಿದೆ:
"ಹಿಂದಿನ ಮೂಟೆ ಅರವತ್ತು ಕಿಲೋ.
ನಾನು ಎಪ್ಪತ್ತೊಂದು."

ಮಾತಾಡಲಿಲ್ಲ. ಮೂಲೆಯಿಂದ ಮೊಳೆಯ ಡಬ್ಬಿ ಎತ್ತಿ ತಂದು
ಮೂಟೆಯ ಮಡಿಲಲ್ಲಿಟ್ಟು
ಬೆಲ್ಟು ಇನ್ನೊಮ್ಮೆ ಬಿಗಿದ.
ಕಾಲುಗಳು ಕೀಲೆಣ್ಣೆಯ ಮೇಲೆ ಕೊಂಚ ಅಗಲವಾದವು.

"ಪಟ್ಟಿ ಹಿಡಿ," ಅಂದ.